ಜೀನಿಯಾ ಜಾತ್ರೆಯಲ್ಲಿ ವಾಕಿಟಾಕಿಗೆ ಮರುಜನ್ಮ

ಅಮೆರಿಕದ ಓಹಾಯೊ ರಾಜ್ಯದಲ್ಲಿ ಜೀನಿಯಾ ಎಂಬ ಊರಿದೆ. ಜನಸಂಖ್ಯೆ ಸುಮಾರು 25 ಸಾವಿರ. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರದಷ್ಟು ದೊಡ್ಡದು. ವಿಮಾನ ಕಂಡುಹಿಡಿದ ರೈಟ್ ಸಹೋದರರ ಊರಾದ ಡೇಟನ್ ಇಲ್ಲಿಂದ ಸುಮಾರು 25 ಕಿಲೋಮೀಟರ್ ದೂರ. ಜೀನಿಯಾ ಎಂಬ ಗ್ರೀಕ್ ಪದಕ್ಕೆ ಅತಿಥಿ ಸತ್ಕಾರ ಎಂದು ಅರ್ಥ. ಪ್ರತಿವರ್ಷ ಮೇ ತಿಂಗಳ ಮೂರನೇ ಶುಕ್ರವಾರದಿಂದ ಭಾನುವಾರದವರೆಗೆ ಈ ಊರು ಹೆಸರಿಗೆ ತಕ್ಕಂತೆ ನಡೆದುಕೊಳ್ಳುತ್ತದೆ. ಆ ಮೂರು ದಿನ ಊರಿನ ಜನರಿಗಿಂತ ಬಂದ ಅತಿಥಿಗಳೇ ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಸೇರುತ್ತಿದ್ದಾರೆ.

ಇದು ದೇವರ ಜಾತ್ರೆಯಲ್ಲ, ರೇಡಿಯೊ ಜಾತ್ರೆ. ಹೆಸರು ಹ್ಯಾಮ್‌ವೆನ್ಷನ್. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಹವ್ಯಾಸಕ್ಕಾಗಿ ನಿಸ್ತಂತು ಕೇಂದ್ರ ನಡೆಸುವವರನ್ನು ಹ್ಯಾಮ್ ಎನ್ನುತ್ತಾರೆ. ಇಂಥವರ ಈ ಸಮ್ಮೇಳನ 1952ರಲ್ಲಿ ಡೇಟನ್ ನಗರದ ಒಂದು ಹೋಟೆಲಿನಲ್ಲಿ ಆರಂಭವಾಯಿತು. 1964ರಿಂದ 2016ರವರೆಗೆ ಹಾರಾ ಅರೇನಾ ಎಂಬ ಸಭಾಂಗಣದಲ್ಲಿ ನಡೆಯಿತು. ಆ ಸಭಾಂಗಣ ಮುಚ್ಚಿದ ಮೇಲೆ 2017ರಿಂದ ಜೀನಿಯಾದ ಗ್ರೀನ್ ಕೌಂಟಿ ಜಾತ್ರೆ ಮೈದಾನಕ್ಕೆ ಬಂದಿದೆ. ಕೊರೊನಾ ಕಾರಣದಿಂದ 2020 ಮತ್ತು 2021ರಲ್ಲಿ ಮಾತ್ರ ನಡೆಯಲಿಲ್ಲ.

ಈ ಮೈದಾನ ಮೂಲತಃ ರೈತರದು. ದನ, ಕುದುರೆ, ಹಂದಿಗಳನ್ನು ತಂದು ತೋರಿಸಲು ಕಟ್ಟಿದ ಉದ್ದನೆಯ ಕೊಟ್ಟಿಗೆಗಳಿವೆ, ನಡುವೆ ಕುದುರೆ ಓಟದ ಅಂಗಳವಿದೆ. ಹ್ಯಾಮ್‌ಗಳ ಮೂರು ದಿನಗಳಲ್ಲಿ ಇಲ್ಲಿನ ಕಟ್ಟಡಗಳಿಗೆ ಟೆಸ್ಲಾ, ಮಾರ್ಕೋನಿ, ಹರ್ಟ್ಸ್ ಎಂದು ವಿಜ್ಞಾನಿಗಳ ಹೆಸರಿಡುತ್ತಾರೆ. ಕಟ್ಟಡಗಳ ಒಳಗೆ ಹೊಸ ಯಂತ್ರಗಳ ಮಳಿಗೆಗಳು, ಹೊರಗೆ ಓಟದ ಅಂಗಳದ ಹುಲ್ಲಿನ ಮೇಲೆ ಹಳೆ ಸಾಮಾನಿನ ಸಂತೆ. 2017ರಲ್ಲಿ ಮಳೆ ಸುರಿದು ಅಂಗಳವೆಲ್ಲ ಕೆಸರು ಗದ್ದೆಯಾಗಿ, ಬಂದವರ ಬೂಟುಗಳೂ ವಾಹನಗಳ ಗಾಲಿಗಳೂ ಹೂತುಹೋಗಿದ್ದವು. ಅಂದು ಕೆಸರು ತುಳಿದವರು ಅದನ್ನು ಈಗಲೂ ನೆನೆದು ನಗುತ್ತಾರೆ.

ಹುಲ್ಲಿನ ಮೇಲಿನ ಸಂತೆ

ನಿಜವಾದ ಸ್ವಾರಸ್ಯವಿರುವುದು ಈ ಸಂತೆಯಲ್ಲೇ. ಸಾಲುಸಾಲು ಮಡಚುವ ಮೇಜುಗಳು. ಅವುಗಳ ಮೇಲೆ ಹಳೆಯ ವಾಲ್ವುಗಳು, ಮೀಟರುಗಳು, ತಂತಿಯ ಸುರುಳಿಗಳು, ಆಂಟೆನಾಗಳು. ನಡುನಡುವೆ ರಟ್ಟಿನ ಪೆಟ್ಟಿಗೆಗಳಲ್ಲಿ ಬದನೆಕಾಯಿ ರಾಶಿಯಂತೆ ತುಂಬಿದ ಕಪ್ಪು ವಾಕಿಟಾಕಿಗಳು. ಇವು ಮಕ್ಕಳ ಆಟಿಕೆಗಳಲ್ಲ. ಪೊಲೀಸರು, ಅಗ್ನಿಶಾಮಕ ದಳದವರು, ಕಾರ್ಖಾನೆ ಕಾವಲುಗಾರರು, ಶಾಲಾ ಬಸ್ಸಿನ ಚಾಲಕರು ವರ್ಷಗಟ್ಟಲೆ ಸೊಂಟಕ್ಕೆ ಸಿಕ್ಕಿಸಿಕೊಂಡು ದುಡಿಸಿದ ಸೆಟ್ಟುಗಳು. ಬಿದ್ದರೂ ಒಡೆಯದ ಗಟ್ಟಿ ಮೈ. ಕೆಲವುಗಳ ಬೆನ್ನಿನ ಮೇಲೆ ಹಳೆಯ ಇಲಾಖೆಯ ಗುರುತಿನ ಸಂಖ್ಯೆ ಇನ್ನೂ ಅಳಿಸಿಲ್ಲ.

ಇಷ್ಟೊಂದು ಒಳ್ಳೆಯ ಸೆಟ್ಟುಗಳು ಗುಜರಿಗೆ ಬಂದದ್ದೇಕೆ? ಅಲ್ಲಿನ ಸಂಪರ್ಕ ಆಯೋಗ ಒಂದು ನಿಯಮ ಮಾಡಿತು. ಆಕಾಶದಲ್ಲಿ ಜಾಗ ಸಾಲದೆ ಬಂದದ್ದರಿಂದ, 25 ಕಿಲೋಹರ್ಟ್ಸ್ ಅಗಲದ ಚಾನೆಲ್ಲುಗಳನ್ನು ಪೊಲೀಸ್ ಮುಂತಾದ ಇಲಾಖೆಗಳೂ ಸಂಸ್ಥೆಗಳೂ 12.5 ಕಿಲೋಹರ್ಟ್ಸಿಗೆ ಇಳಿಸಬೇಕು. 2013ರ ಜನವರಿ 1 ಅದಕ್ಕೆ ಗಡುವು. ಅಗಲ ರಸ್ತೆಯಲ್ಲಷ್ಟೇ ಓಡಬಲ್ಲ ಹಳೆಯ ಸೆಟ್ಟುಗಳು ಒಂದೇ ಏಟಿಗೆ ಕೆಲಸಕ್ಕೆ ಬಾರದವಾದವು. ಹವ್ಯಾಸಿಗಳ ತರಂಗಪಟ್ಟಿಗೆ ಮಾತ್ರ ಈ ನಿಯಮ ಅನ್ವಯಿಸಲಿಲ್ಲ. ಹೀಗಾಗಿ ಇಲಾಖೆಗೆ ಬೇಡವಾದದ್ದು ಹ್ಯಾಮ್‌ಗಳ ಕೈ ಸೇರಿತು.

ಆದರೆ ಕೊಂಡ ಕೂಡಲೇ ಮಾತನಾಡಲು ಬರುವುದಿಲ್ಲ. ಉದಾಹರಣೆಗೆ 1990ರ ದಶಕದಲ್ಲಿ ಹೆಸರು ಮಾಡಿದ ಮೊಟೊರೊಲಾ ಎಚ್‌ಟಿ 1000 ಎಂಬ ಸೆಟ್ಟನ್ನೇ ನೋಡಿ. ತಲೆಯ ಮೇಲೆ ಎರಡು ತಿರುಗಣೆಗಳು. ಒಂದು ದನಿಗೆ, ಇನ್ನೊಂದು 16 ಚಾನೆಲ್ಲುಗಳಿಗೆ. ಅಂಕಿ ಒತ್ತುವ ಗುಂಡಿಗಳಿಲ್ಲ, ಪರದೆಯೂ ಇಲ್ಲ. ಬೆಂಕಿಯ ಮುಂದೆ ನಿಂತವನು ಕತ್ತಲಲ್ಲಿ ಕೈಗವಸು ಹಾಕಿದ ಬೆರಳಿನಿಂದ ತಿರುಗಿಸಿದರೂ ತಪ್ಪಬಾರದೆಂದು ಹೀಗೆ ಮಾಡಿದ್ದಾರೆ. ಯಾವ ಚಾನೆಲ್ಲಿಗೆ ಯಾವ ಕಂಪನಾಂಕ ಎಂಬುದನ್ನು ಬಳಸುವವನು ಬದಲಿಸುವಂತಿಲ್ಲ. ಅದನ್ನು ಕಂಪ್ಯೂಟರಿನಿಂದಲೇ ತುಂಬಬೇಕು.

ಹರಳಿನಿಂದ ಕೋಷ್ಟಕಕ್ಕೆ

1960ರ ದಶಕದ ವಾಕಿಟಾಕಿಗಳಲ್ಲಿ ಪ್ರತಿ ಚಾನೆಲ್ಲಿಗೂ ಕ್ವಾರ್ಟ್ಸ್ ಹರಳುಗಳಿರುತ್ತಿದ್ದವು. ಹರಳು ಎಷ್ಟು ದಪ್ಪವೋ ಅದಕ್ಕೆ ತಕ್ಕ ಕಂಪನ. ಚಾನೆಲ್ ಬದಲಿಸಬೇಕೆಂದರೆ ಹೊಸ ಹರಳನ್ನು ಕೊಯ್ಯಿಸಿ ತರಿಸಬೇಕಿತ್ತು. ಆಮೇಲೆ ಒಂದೇ ಹರಳಿನಿಂದ ಅನೇಕ ಕಂಪನಗಳನ್ನು ಹುಟ್ಟಿಸುವ ಮಂಡಲ ಬಂದಿತು. ಯಾವ ಕಂಪನ ಬೇಕೆಂದು ಅದಕ್ಕೆ ಸಂಖ್ಯೆಯಲ್ಲಿ ಹೇಳಿದರೆ ಸಾಕು. ಆ ಸಂಖ್ಯೆಗಳೆಲ್ಲ ವಿದ್ಯುತ್ ಹೋದರೂ ಮರೆಯದ ಒಂದು ಪುಟ್ಟ ಚಿಪ್ಪಿನಲ್ಲಿ ಕೋಷ್ಟಕದಂತೆ ಕುಳಿತಿರುತ್ತವೆ. ಈ ಕೋಷ್ಟಕಕ್ಕೆ ಕೋಡ್‌ಪ್ಲಗ್ ಎಂದು ಹೆಸರು. ಹಿಂದೆ ಅದು ಚುಚ್ಚಿ ಕೂರಿಸುವ ಬಿಡಿಭಾಗವೇ ಆಗಿತ್ತು. ಭಾಗ ಮಾಯವಾದರೂ ಹೆಸರು ಉಳಿದಿದೆ.

ಕೋಷ್ಟಕದ ಒಂದು ಸಾಲು ಹೇಗಿರುತ್ತದೆ? ಅಮೆರಿಕದಲ್ಲಿ ಬಹಳ ಕಡೆ ಬಳಕೆಯಲ್ಲಿರುವ ಒಂದು ಜೋಡಿಯನ್ನು ತೆಗೆದುಕೊಳ್ಳೋಣ. ಸೆಟ್ಟು ಕೇಳಿಸಿಕೊಳ್ಳುವುದು 146.94 ಮೆಗಾಹರ್ಟ್ಸಿನಲ್ಲಿ, ಮಾತನಾಡುವುದು 146.34ರಲ್ಲಿ. ನಡುವಿನ ಅಂತರ 600 ಕಿಲೋಹರ್ಟ್ಸ್. ಎತ್ತರದ ಗೋಪುರದ ಮೇಲಿನ ರಿಪೀಟರ್ ಎಂಬ ಯಂತ್ರ ನಮ್ಮ ಮಾತನ್ನು 146.34ರಲ್ಲಿ ಕೇಳಿ, ಆ ಕ್ಷಣವೇ 146.94ರಲ್ಲಿ ಜೋರಾಗಿ ಸಾರುತ್ತದೆ. ಹೀಗಾಗಿ 5 ವಾಟ್ ಶಕ್ತಿಯ ಕೈಸೆಟ್ಟಿನ ದನಿ ಹತ್ತಾರು ಮೈಲಿ ತಲುಪುತ್ತದೆ.

ಸಾಲಿನ ಮೂರನೆಯ ಅಂಕಣದಲ್ಲಿ ಗುಟ್ಟಿನ ಸ್ವರ. ಮಾತಿನ ಜೊತೆಗೆ, ಉದಾಹರಣೆಗೆ, 123 ಹರ್ಟ್ಸಿನ ಒಂದು ಮೆಲುದನಿ ಸದಾ ಹೋಗುತ್ತಿರುತ್ತದೆ. ಸೆಟ್ಟಿನ ಶೋಧಕ ಸುಮಾರು 300 ಹರ್ಟ್ಸಿಗಿಂತ ಕೆಳಗಿನದನ್ನು ತಡೆಯುವುದರಿಂದ ಅದು ಕಿವಿಗೆ ಕೇಳಿಸದು. ಆದರೆ ರಿಪೀಟರಿಗೆ ಅದೇ ಪ್ರವೇಶ ಚೀಟಿ. ಸ್ವರ ಸರಿಯಿಲ್ಲದಿದ್ದರೆ ಎಷ್ಟು ಕೂಗಿದರೂ ಅದು ಬಾಗಿಲು ತೆರೆಯುವುದಿಲ್ಲ. ಇಷ್ಟಾದ ಮೇಲೆ, ಶಕ್ತಿ ಹೆಚ್ಚೋ ಕಡಿಮೆಯೋ, ಒಮ್ಮೆಗೆ ಎಷ್ಟು ನಿಮಿಷ ಮಾತನಾಡಬಹುದು ಎಂಬ ವಿವರಗಳು.

ನಿಧಾನವೇ ಪ್ರಧಾನ

ಈಗ ಸಂತೆಯ ಸೋಜಿಗ ಅರ್ಥವಾಗುತ್ತದೆ. ಹಳೆ ವಾಕಿಟಾಕಿ ಹುಡುಕುವವರು ಅದರ ಜೊತೆಗೆ ಹಳೆಯ ಕಂಪ್ಯೂಟರನ್ನೂ ಹುಡುಕುತ್ತಾರೆ. ಅದೂ ಆದಷ್ಟು ನಿಧಾನದ್ದು! ಬೇರೆಡೆ ಯಾರೂ ಮುಟ್ಟದ, ಡಾಸ್ ನಡೆಸುವ, ಹಿಂಬದಿಯಲ್ಲಿ ಒಂಬತ್ತು ಮೊಳೆಗಳ ಸೀರಿಯಲ್ ಕಿಂಡಿಯಿರುವ ದಪ್ಪ ಲ್ಯಾಪ್‌ಟಾಪಿಗೆ ಇಲ್ಲಿ ಬೆಲೆಯಿದೆ.

ಕಾರಣ ಸರಳ. ಆ ಕಾಲದ ಸಾಫ್ಟ್‌ವೇರಿನಲ್ಲಿ ‘ಸ್ವಲ್ಪ ಕಾದು ನಂತರ ಕಳಿಸು’ ಎಂಬ ಆಜ್ಞೆ ಇರುವಲ್ಲಿ ಗಡಿಯಾರ ನೋಡುವ ಬದಲು ಕಂಪ್ಯೂಟರ್ ಸುಮ್ಮನೆ ಇಂತಿಷ್ಟು ಎಣಿಸುತ್ತದೆ. ಕಣ್ಣಾಮುಚ್ಚಾಲೆಯಲ್ಲಿ ಕಣ್ಣು ಮುಚ್ಚಿದವನು ನೂರರವರೆಗೆ ಎಣಿಸುತ್ತಾನಲ್ಲ, ಹಾಗೆ. ನಿಧಾನವಾಗಿ ಎಣಿಸಿದರೆ ಉಳಿದವರು ಅಡಗಿಕೊಳ್ಳುತ್ತಾರೆ. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ನೂರು ಎಣಿಸಿದರೆ ಆಟ ಕೆಡುತ್ತದೆ. ಹೊಸ ಕಂಪ್ಯೂಟರ್ ಹೀಗೆ ಎಣಿಸಿ ಮುಗಿಸಿ ಮುಂದಿನ ಮಾತು ಕಳಿಸುತ್ತದೆ. ಹಳೆಯ ವಾಕಿಟಾಕಿ ಇನ್ನೂ ಹಿಂದಿನದಕ್ಕೆ ಉತ್ತರಿಸುತ್ತಿರುತ್ತದೆ. ಯುಎಸ್‌ಬಿಗೆ ಸಿಕ್ಕಿಸುವ ಪರಿವರ್ತಕಗಳ ತೊಂದರೆ ಇನ್ನೊಂದು ಬಗೆ. ಅವು ಬಂದ ಅಕ್ಷರಗಳನ್ನು ಕೂಡಿಟ್ಟು ಗಂಟು ಕಟ್ಟಿ ಒಟ್ಟಿಗೆ ಕಳಿಸುವುದರಿಂದ ಉತ್ತರ ತಡವಾಗಿ ಸೇರುತ್ತದೆ.

ಕಂಪ್ಯೂಟರಿಗೂ ಸೆಟ್ಟಿಗೂ ನಡುವೆ ಒಂದು ಚಿಕ್ಕ ಡಬ್ಬಿ ಬೇಕು. ಬಳಕೆಯಲ್ಲಿ ಅದಕ್ಕೆ ರಿಬ್ ಎನ್ನುತ್ತಾರೆ. ಅದು ದುಭಾಷಿ. ಸೀರಿಯಲ್ ಕಿಂಡಿ ಒಂದು ಎನ್ನಲು ಋಣ ವೋಲ್ಟೇಜನ್ನೂ ಸೊನ್ನೆ ಎನ್ನಲು ಧನ ವೋಲ್ಟೇಜನ್ನೂ ಕಳಿಸುತ್ತದೆ. ವಾಕಿಟಾಕಿಗೆ ಗೊತ್ತಿರುವುದು ಸೊನ್ನೆ ಮತ್ತು 5 ವೋಲ್ಟ್ ಮಾತ್ರ. ಅಲ್ಲದೆ ಕಂಪ್ಯೂಟರ್ ಹೇಳಲು ಒಂದು ತಂತಿ, ಕೇಳಲು ಒಂದು ತಂತಿ ಬಳಸಿದರೆ, ಇಂಥ ಸೆಟ್ಟು ಎರಡನ್ನೂ ಒಂದೇ ತಂತಿಯಲ್ಲಿ ನಡೆಸುತ್ತದೆ. ಡಬ್ಬಿ ಇಬ್ಬರನ್ನೂ ಹೊಂದಿಸುತ್ತದೆ. ಹೈಸ್ಕೂಲಿನ ವಿದ್ಯುತ್ ಪಾಠ ಅರಿತ ಹುಡುಗನಿಗೆ ಇದರ ಕೆಲಸ ಅರ್ಥವಾಗದೆ ಇರದು.

ಮೊದಲು ಓದು, ಆಮೇಲೆ ಬರೆ

ಈ ಕಸುಬಿನ ಮೊದಲ ಪಾಠವೇ ಇದು. ಸೆಟ್ಟು ಜೋಡಿಸಿದ ಕೂಡಲೇ ಅದರ ಕೋಡ್‌ಪ್ಲಗ್ ಓದಿ ಒಂದು ಪ್ರತಿಯನ್ನು ಬೇರೆ ತೆಗೆದಿಡಬೇಕು. ಏಕೆಂದರೆ ಅಲ್ಲಿ ಚಾನೆಲ್ಲುಗಳಷ್ಟೇ ಇರುವುದಿಲ್ಲ. ಕಾರ್ಖಾನೆಯಲ್ಲಿ ಆ ಒಂದು ಸೆಟ್ಟಿಗೆಂದೇ ಉಪಕರಣವಿಟ್ಟು ಅಳೆದು ಬರೆದ ಹೊಂದಾಣಿಕೆಯ ಸಂಖ್ಯೆಗಳೂ ಇರುತ್ತವೆ. ಕಳೆದರೆ ಊಹಿಸಿ ತುಂಬಲಾಗದು. ಬ್ಯಾಟರಿ ಪೂರ್ತಿ ತುಂಬಿರಬೇಕು. ಬರೆಯುತ್ತಿರುವಾಗ ಶಕ್ತಿ ಕೈಕೊಟ್ಟರೆ ಕೋಷ್ಟಕ ಅರ್ಧಕ್ಕೇ ನಿಲ್ಲುತ್ತದೆ. ಅಂಗಡಿಯವರು ಚೀಟಿಯ ಕೊನೆಗೆ ಮೊತ್ತ ಬರೆಯುವಂತೆ ಕೋಷ್ಟಕಕ್ಕೂ ಒಂದು ತಾಳೆ ಸಂಖ್ಯೆಯಿದೆ. ಚಾಲೂ ಮಾಡಿದಾಗ ಸೆಟ್ಟು ತಾನೇ ಕೂಡಿ ನೋಡುತ್ತದೆ. ತಾಳೆಯಾಗದಿದ್ದರೆ ದೋಷದ ದನಿ ಹೊರಡಿಸಿ ಕೆಲಸ ನಿರಾಕರಿಸುತ್ತದೆ. ನಿನ್ನೆಯವರೆಗೆ ಗಟ್ಟಿಯಾಗಿದ್ದ ಸೆಟ್ಟು ಇಂದು ಬರೀ ಇಟ್ಟಿಗೆ!

ಎರಡನೆಯ ಪಾಠ ಇನ್ನೂ ಮುಖ್ಯ. ಸಂತೆಯಲ್ಲಿ ಕೊಂಡ ಸೆಟ್ಟಿನಲ್ಲಿ ಹಳೆಯ ಇಲಾಖೆಯ ಕಂಪನಾಂಕಗಳು ಹಾಗೇ ಇರಬಹುದು. ಕೆಲಸ ಮಾಡುತ್ತದೆಯೋ ನೋಡೋಣವೆಂದು ಗುಂಡಿ ಒತ್ತಿದರೆ, ಎಲ್ಲೋ ಹೊಗೆಯ ನಡುವೆ ಸಿಲುಕಿದ ಅಗ್ನಿಶಾಮಕನ ಕೂಗನ್ನು ಅದು ಮುಚ್ಚಿಬಿಡಬಹುದು. ಆದ್ದರಿಂದ ತಿಳಿದವರು ಮೊದಲು ಹಳೆಯ ಸಾಲುಗಳನ್ನು ಅಳಿಸುತ್ತಾರೆ. ತಮಗೆ ಹಕ್ಕಿರುವ 144ರಿಂದ 148 ಮೆಗಾಹರ್ಟ್ಸ್ ನಡುವಿನ ಸಂಖ್ಯೆಗಳನ್ನು ತುಂಬಿದ ಮೇಲೆಯೇ ಗುಂಡಿ ಮುಟ್ಟುತ್ತಾರೆ. ಸಾಫ್ಟ್‌ವೇರ್ ಏನನ್ನು ಬರೆಯಲು ಬಿಡುತ್ತದೆ ಎಂಬುದು ಬೇರೆ, ಕಾನೂನು ಏನನ್ನು ಬಿಡುತ್ತದೆ ಎಂಬುದು ಬೇರೆ.

ಬಿರುಗಾಳಿಯ ಊರು

ಇಷ್ಟೆಲ್ಲ ಪರದಾಟ ಏಕೆ, ಮೊಬೈಲ್ ಇಲ್ಲವೇ ಎಂದು ಕೇಳಬಹುದು. ಇದಕ್ಕೆ ಜೀನಿಯಾ ಊರೇ ಉತ್ತರ. 1974ರ ಏಪ್ರಿಲ್ 3ರ ಸಂಜೆ, ಅತ್ಯಂತ ತೀವ್ರ ದರ್ಜೆಯ ಸುಂಟರಗಾಳಿಯೊಂದು ಈ ಊರಿನ ನಡುವೆಯೇ ಹಾದುಹೋಯಿತು. 30ಕ್ಕೂ ಹೆಚ್ಚು ಜನ ಸತ್ತರು. ಮನೆ, ಶಾಲೆ, ಅಂಗಡಿಗಳು ಸಾಲಾಗಿ ನೆಲಸಮವಾದವು. ತಂತಿಗಳು ಹರಿದು ದೂರವಾಣಿ ಸ್ತಬ್ಧವಾದಾಗ ಹವ್ಯಾಸಿಗಳು ತಮ್ಮ ಸೆಟ್ಟುಗಳೊಂದಿಗೆ ನೆರವಿಗೆ ಬಂದು ಸಂದೇಶಗಳನ್ನು ಹೊರಜಗತ್ತಿಗೆ ಮುಟ್ಟಿಸಿದರು.

ಅದು ಹಳೆಯ ಕತೆ ಎನ್ನುವಂತಿಲ್ಲ. 2019ರ ಮೇ 27ರ ರಾತ್ರಿ ಮತ್ತೆ ಡೇಟನ್ ಸುತ್ತ ಸುಂಟರಗಾಳಿಗಳೆದ್ದವು. ಅಂದು ಹ್ಯಾಮ್‌ಗಳು ಐದು ದಶಕ ಸೇರಿದ್ದ ಹಾರಾ ಅರೇನಾದ ಖಾಲಿ ಕಟ್ಟಡವೂ ಚಿಂದಿಯಾಯಿತು. ಇಂಥ ನಾಡಿನಲ್ಲಿ ಕಪಾಟಿನಲ್ಲಿ ಸಿದ್ಧವಾಗಿರುವ ಒಂದು ವಾಕಿಟಾಕಿಯ ಬೆಲೆ ಏನೆಂದು ವಿವರಿಸಬೇಕಿಲ್ಲ. ಗೋಪುರ ಉರುಳಿ ರಿಪೀಟರ್ ಸತ್ತರೂ ಎರಡು ಸೆಟ್ಟುಗಳು ಹತ್ತಿರದಲ್ಲಿ ನೇರವಾಗಿ ಮಾತನಾಡಬಲ್ಲವು. ಆದರೆ ಅದಕ್ಕೆ ಬೇಕಾದ ಸಾಲನ್ನು ಗಾಳಿ ಏಳುವ ಮೊದಲೇ ಕೋಷ್ಟಕದಲ್ಲಿ ಬರೆದಿಟ್ಟಿರಬೇಕು. ಗಾಳಿ ಬಂದ ಮೇಲೆ ಹಳೆ ಲ್ಯಾಪ್‌ಟಾಪ್ ಹುಡುಕಿದರೆ ಪ್ರಯೋಜನವಿಲ್ಲ.

ಅಪಾಯ ಇನ್ನೊಂದು ಕಡೆಯಿಂದಲೂ ಇದೆ. ಡಾಸ್ ಕಾಲದ ಆ ಸಾಫ್ಟ್‌ವೇರುಗಳನ್ನು ತಯಾರಕರು ಮಾರುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಅವು ಇದ್ದ ಫ್ಲಾಪಿಗಳ ಕಾಂತಶಕ್ತಿ ಕುಂದುತ್ತಿದೆ. ಅವುಗಳನ್ನು ಬಲ್ಲ ತಂತ್ರಜ್ಞರಿಗೂ ವಯಸ್ಸಾಗುತ್ತಿದೆ. ಸೆಟ್ಟು ಗಟ್ಟಿಯಾಗಿದ್ದರೂ ಅದರೊಡನೆ ಮಾತನಾಡುವ ವಿದ್ಯೆ ಮೊದಲು ಸಾಯಬಹುದು. ಆದ್ದರಿಂದಲೇ ಸಂತೆಯ ಮೇಜಿನ ಬಳಿ ನಿಂತು ಮುದುಕರಿಂದ ಹುಡುಗರು ಕಲಿಯುವ ನಾಲ್ಕು ಮಾತು, ಅಲ್ಲಿ ಮಾರಾಟವಾಗುವ ಯಾವ ಸಾಮಾನಿಗಿಂತಲೂ ಹೆಚ್ಚಿನದು.

ನಮ್ಮ ಮಕ್ಕಳಿಗೊಂದು ಮಾತು. ಅಮೆರಿಕದಿಂದ ಬರುವ ನೆಂಟರ ಕೈಲಿ ಇಂಥ ಸೆಟ್ಟು ತರಿಸಿಕೊಳ್ಳುವ ಆಸೆಯಾದರೆ ಆತುರ ಬೇಡ. ಭಾರತದಲ್ಲೂ ಪರೀಕ್ಷೆ ಪಾಸಾಗಿ ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆದವರಿಗಷ್ಟೇ ಹ್ಯಾಮ್ ಕೇಂದ್ರ ನಡೆಸುವ ಹಕ್ಕಿದೆ. ಈ ತರಂಗಪಟ್ಟಿಯಲ್ಲಿ ನಮಗಿರುವುದು 144ರಿಂದ 146 ಮೆಗಾಹರ್ಟ್ಸ್ ಮಾತ್ರ. ಮೇಲೆ ಹೇಳಿದ 146.94 ನಮ್ಮಲ್ಲಿ ಹವ್ಯಾಸಿಗಳದ್ದಲ್ಲ. ಮೊದಲು ಪರೀಕ್ಷೆ, ಆಮೇಲೆ ಸೆಟ್ಟು. ಓಮ್‌ನ ನಿಯಮವನ್ನು ಅಂಕಕ್ಕಾಗಿ ಉರು ಹೊಡೆಯುವ ಬದಲು ಬಳಸಿ ಕಲಿಯಲು ಆ ಪರೀಕ್ಷೆಯೇ ಒಳ್ಳೆಯ ನೆಪ.

ಜೀನಿಯಾಕ್ಕೆ ಹೋಗುವ ಅವಕಾಶ ಸಿಕ್ಕವರು ಅಲ್ಲಿನ ಸೈಕಲ್ ಹಾದಿಗಳನ್ನೂ ನೋಡಬಹುದು. ರೈಲು ನಿಂತುಹೋದ ದಾರಿಗಳನ್ನು ಕಿತ್ತೆಸೆಯದೆ ಸವಾರರಿಗೆ ಬಿಟ್ಟುಕೊಟ್ಟಿದ್ದಾರೆ. ಹಳೆಯ ಹಳಿಗೂ ಹಳೆಯ ವಾಕಿಟಾಕಿಗೂ ಆ ಊರಿನಲ್ಲಿ ಎರಡನೆಯ ಕೆಲಸ ಸಿಕ್ಕಿದೆ.