ಒಂದೇ ಗದ್ದೆಯ ತೆನೆ

ಉಡುಪಿಯಿಂದ ಮಂಗಳೂರು ಬಸ್ಸು ಹತ್ತಿದರೆ ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ ಕಳೆದು ಇನ್ನೇನು ಜಿಲ್ಲೆಯೇ ಮುಗಿಯಿತು ಅನ್ನುವಲ್ಲಿ ಹೆಜಮಾಡಿ ಸಿಗುತ್ತದೆ. ಶಾಂಭವಿಯ ಸೇತುವೆ ದಾಟಿದರೆ ಮೂಲ್ಕಿ, ದಕ್ಷಿಣ ಕನ್ನಡ. ಹೆದ್ದಾರಿಯಲ್ಲಿ ಓಡಾಡುವವರಿಗೆ ಹೆಜಮಾಡಿ ಎಂದರೆ ಟೋಲ್‌ಗೇಟು. ಪಡುವಣಕ್ಕೆ ತಿರುಗಿ ಕೋಡಿಯ ದಾರಿ ಹಿಡಿದವರಿಗೆ ಮಾತ್ರ ಊರಿನ ನಿಜವಾದ ಚಂದ ಕಾಣುವುದು. ಒಂದು ಬದಿ ಭೋರ್ಗರೆಯುವ ಕಡಲು, ಇನ್ನೊಂದು ಬದಿ ಸದ್ದಿಲ್ಲದ ಹೊಳೆ, ನಡುವೆ ತೆಂಗು, ಮನೆ, ಒಣಹಾಕಿದ ಬಲೆ. ಘಟ್ಟದ ಕಡೆಯಿಂದ ಇಷ್ಟು ದೂರ ಬಂದ ಶಾಂಭವಿ ಕಡಲು ಕಂಡ ಮೇಲೂ ಅವಸರ ಮಾಡುವುದಿಲ್ಲ. ದಂಡೆಯ ಬದಿಯಲ್ಲೇ ತೆಂಕಣಕ್ಕೆ ಸರಿದು, ಆ ಕಡೆಯಿಂದ ಬರುವ ನಂದಿನಿಯನ್ನು ಜತೆಗೂಡಿಸಿಕೊಂಡೇ ಕಡಲಿಗೆ ಇಳಿಯುತ್ತಾಳೆ. ಅದನ್ನು ನೋಡುತ್ತ ನಾನು ಎಷ್ಟು ಹೊತ್ತು ನಿಂತಿದ್ದೆನೋ.

ನಾನು ಬಂದದ್ದು ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ. ಮೇರಿಮಾತೆ ಹುಟ್ಟಿದ ದಿನ. ಕೊಂಕಣಿ ಕ್ರೈಸ್ತರಿಗೆ ಮೊಂತಿ ಫೆಸ್ತ್. ಸೋಣ ತಿಂಗಳು, ಮಳೆ ಬಂದರೆ ಹತ್ತು ನಿಮಿಷ, ಬಿಸಿಲು ಬಂದರೂ ಹತ್ತೇ ನಿಮಿಷ. ಹಬ್ಬಕ್ಕೂ ಮುಂಚಿನ ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೂ ತಂದು ಪುಟ್ಟ ಮಾತೆಯ ಮುಂದೆ ಸುರಿಯುತ್ತಾರೆ: ದಾಸವಾಳ, ಗೊರಟೆ, ಬೇಲಿಯ ಮೇಲೆ ಏನು ಅರಳಿದೆಯೋ ಅದು. ಹಬ್ಬದ ಬೆಳಿಗ್ಗೆ ಹೂವಿನ ಬುಟ್ಟಿಗಳ ಜತೆ ಭತ್ತದ ತೆನೆಯ ಕಟ್ಟುಗಳು ಬಂದವು. ಪಾದ್ರಿಗಳು ತೆನೆಗೆ ಆಶೀರ್ವಾದ ಮಾಡಿ, ಮನೆಗಿಷ್ಟು ಎಂದು ಹಂಚಿದರು. ಮಕ್ಕಳ ಕೈಗೆ ಕಬ್ಬಿನ ತುಂಡು ಬಂತು. ಅಷ್ಟು ಕಬ್ಬು ಒಟ್ಟಿಗೆ ಜಗಿಯುವ ಸದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ!

ಈ ಹಬ್ಬವನ್ನು ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ, ಮೊಂತೆ ಮರಿಯಾನೊ ಇಗರ್ಜಿಯಲ್ಲಿ, 1763ರಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂಡ ಆರಂಭಿಸಿದರೆಂದು ಹೇಳುತ್ತಾರೆ. ಇಪ್ಪತ್ತೊಂದು ವರ್ಷದ ಮೇಲೆ, 1784ರಲ್ಲಿ, ಇದೇ ಕರಾವಳಿಯ ಕ್ರೈಸ್ತರನ್ನು ಟಿಪ್ಪುವಿನ ಸೈನ್ಯ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಿತು. ಬದುಕಿ ಉಳಿದವರು 1799ರ ನಂತರ ಮರಳಿ, ಕಾಡು ಬೆಳೆದ ಗದ್ದೆಗಳನ್ನು ಮತ್ತೆ ಉತ್ತರು. ಹಾಗೆ ಮರಳಿದವರ ಮನೆಯಲ್ಲಿ ಮೊದಲ ತೆನೆ ಬಂದ ದಿನ ಹೇಗಿದ್ದಿರಬಹುದು ಎಂದು ಯೋಚಿಸಿದರೆ ಈಗಲೂ ನನ್ನ ಎದೆ ತುಂಬುತ್ತದೆ.

ನನಗೆ ಊಟ ಗೆಳೆಯನ ಮನೆಯಲ್ಲಿ. ಅವನ ತಾಯಿಯನ್ನು ಕೇರಿಯವರೆಲ್ಲ ಬಾಯಮ್ಮ ಎನ್ನುತ್ತಾರೆ. ಬಾಯಮ್ಮ ತೆನೆಯನ್ನು ದೇವರ ಪೀಠದ ಮುಂದಿಟ್ಟು ಮೇಣದಬತ್ತಿ ಹಚ್ಚಿದರು. ಕೆಲವು ಕಾಳು ಸುಲಿದು, ಅರೆದು, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸಿದರು. ಇದು ‘ನವೆಂ’, ಹೊಸತು. ಪ್ರಾರ್ಥನೆ ಮುಗಿಸಿ, ಹಿರಿಯರಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಎಲ್ಲರ ಬಾಯಿಗೂ ಒಂದೊಂದು ಚಮಚ.

“ಮೊದಲು ಇದು, ಮತ್ತೆ ಊಟ. ನೀವೂ ಬನ್ನಿ ಮಾರಾಯ್ರೆ, ಬಾಗಿಲ ಹತ್ರ ನಿಂತದ್ದೇನು?” ಎಂದರು.

ಬಾಳೆಲೆಯ ತುಂಬ ತರಕಾರಿ. ಕೆಸುವಿನ ದಂಟು, ಹರಿವೆ ದಂಟು, ಅವಕ್ಕೆ ಹುಳಿ ಹಿಡಿಸಲು ಅಂಬಟೆಕಾಯಿ. ಬೆಂಡೆ, ಹೀರೆ, ತೊಂಡೆ, ಹಾಗಲ. ಪದಾರ್ಥಗಳ ಲೆಕ್ಕ ಬೆಸವಾಗಿಯೇ ಇರಬೇಕು, ಐದೋ ಏಳೋ ಒಂಬತ್ತೋ. ಕೊನೆಗೆ ಕಡಲೆಬೇಳೆಯ ಪಾಯಸ, ಅವರ ಮಾತಿನಲ್ಲಿ ವೋರ್ನ್. ಬೂತಾಯಿ, ಬಂಗುಡೆ ಇಲ್ಲದೆ ತುತ್ತು ಇಳಿಯದ ಈ ಕಡಲ ಕರೆಯಲ್ಲಿ ಆ ದಿನ ಒಲೆಯ ಮೇಲೆ ಮೀನಿಲ್ಲ. ಮಳೆಗಾಲ ನೆಲದಿಂದ ಎಬ್ಬಿಸಿದ್ದೆಲ್ಲ ಅಂದು ಎಲೆಯ ಮೇಲೆ ಬಂದು ಕೂತಿತ್ತು. ಅಂಬಟೆಯ ಹುಳಿಗೆ ಕೆಸು ಕರಗಿ ಸೇರಿಕೊಂಡ ಆ ರುಚಿಗಾಗಿಯೇ ನಾನು ಮತ್ತೊಮ್ಮೆ ಹೆಜಮಾಡಿಗೆ ಹೋಗಲು ಸಿದ್ಧ.

ಊಟವಾದ ಮೇಲೆ ಬಾಯಮ್ಮ ಉಳಿದ ಕಾಳುಗಳನ್ನು ಒಣಗಿಸಿ ಲಕೋಟೆಗಳಿಗೆ ಹಾಕಿದರು. ಒಂದು ದುಬೈಗೆ, ಒಂದು ಮುಂಬಯಿಗೆ, ಒಂದು ಅಮೆರಿಕದ ಮಗಳಿಗೆ. ಅಲ್ಲಿ ಸೆಪ್ಟೆಂಬರ್ 8ಕ್ಕೆ ರಜೆ ಎಲ್ಲಿಂದ? ಮಗಳು ಕಾಳನ್ನು ನವೆಂಬರಿನ ನಾಲ್ಕನೆಯ ಗುರುವಾರದವರೆಗೆ ಕಾದಿಡುತ್ತಾಳಂತೆ. 1863ರಲ್ಲಿ ಅಧ್ಯಕ್ಷ ಲಿಂಕನ್ ಇಡೀ ದೇಶಕ್ಕೆಂದು ಸಾರಿದ ಕೃತಜ್ಞತೆಯ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಈಗ ಬರುವುದು ಆ ದಿನವೇ. ಅಂದು ಆ ನಾಡಿನವರ ಮನೆಯಲ್ಲಿ ಟರ್ಕಿ ಕೋಳಿ, ಕುಂಬಳದ ಪೈ. ಇವಳ ಮನೆಯಲ್ಲಿ ಅವುಗಳಿಗೂ ಮೊದಲು ಹೆಜಮಾಡಿಯ ಕಾಳು ಬೆರೆತ ಒಂದು ಚಮಚ ಹಾಲು.

ಆ ತೆನೆ ಎಲ್ಲಿಯದು ಎಂದು ಕೇಳಿದೆ. ಬಾಯಮ್ಮನ ಮನೆಗೆ ಈಗ ಗದ್ದೆಯಿಲ್ಲ. ತೋಡಿನ ಆಚೆಯ ಬಿಲ್ಲವರ ಮನೆಯವರು ಮಳೆಗಾಲದ ಏಣಿಲು ಬೇಸಾಯ ಬಿಟ್ಟಿಲ್ಲ. ಪ್ರತಿ ವರ್ಷ ಮೊದಲು ಹೊಡೆ ಒಡೆದ ಮೂಲೆಯಿಂದ “ಪೊರ್ಬುಗಳ ಹಬ್ಬಕ್ಕೆ” ಎಂದು ಒಂದು ಕಟ್ಟು ಕೊಯ್ದು ಕೊಡುವುದು ಅವರೇ. ತುಳುವಿನಲ್ಲಿ ಪೊರ್ಬು ಎಂದರೆ ಕ್ರೈಸ್ತರು. ತಮ್ಮ ಮನೆಗೆ ಅವರು ತೆನೆ ತರುವುದು ಆಮೇಲೆ! ನನಗೆ ಮೈ ಜುಮ್ಮೆಂದಿತು. ಈ ಊರಿನಲ್ಲಿ ಹೊಸ ಅಕ್ಕಿಯನ್ನು ಯಾರೂ ತಾವೊಬ್ಬರೇ ಉಣ್ಣುವುದಿಲ್ಲ.

ಆ ಬಿಲ್ಲವರ ಮನೆಯ ತೆನೆಹಬ್ಬ ಕುರಲ್ ಪರ್ಬಕ್ಕೆಂದು ನವರಾತ್ರಿಯ ಹೊತ್ತಿಗೆ ಮತ್ತೆ ಬಂದೆ. ಯಜಮಾನರು ನಸುಕಿಗೆ ಮಿಂದು, ಗದ್ದೆಗಿಳಿದು, ತೆನೆಯನ್ನು ತಲೆಯ ಮೇಲೆ ಹೊತ್ತು ತಂದು ತುಳಸಿಕಟ್ಟೆಯ ಬಳಿ ಇಳಿಸಿದರು. ಮಾವು, ಹಲಸು, ಅಶ್ವತ್ಥ, ಬಿದಿರಿನ ಎಲೆಗಳ ನಡುವೆ ನಾಲ್ಕಾರು ತೆನೆ ಇಟ್ಟು ನಾರಿನಿಂದ ಬಿಗಿದರು. “ಪೊಲಿ ಪೊಲಿ” ಎನ್ನುತ್ತ ಒಂದೊಂದೇ ಕಟ್ಟು ಏರಿತು: ದೇವರ ಕೋಣೆಗೆ, ದಾರಂದಕ್ಕೆ, ಅಕ್ಕಿಯ ಡಬ್ಬಕ್ಕೆ, ಬಾವಿಯ ರಾಟೆಗೆ, ಹಟ್ಟಿಯ ಕಂಬಕ್ಕೆ, ಅಂಗಳದ ತೆಂಗಿಗೆ, ಪಂಪ್‌ಸೆಟ್ಟಿಗೆ, ಸ್ಕೂಟರಿಗೆ. ವರ್ಷವಿಡೀ ಮನೆಯವರಿಗಾಗಿ ದುಡಿದ ಯಾವುದನ್ನೂ ಬಿಡಲಿಲ್ಲ. ಕೋಡಿಯ ಮೊಗವೀರರೊಬ್ಬರು ಬಂದು ದೋಣಿಗೆಂದು ಒಂದು ಕಟ್ಟು ಒಯ್ದರು. ಅವರು ನೂಲ ಹುಣ್ಣಿಮೆಗೇ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಒಪ್ಪಿಸಿ ಬಂದವರು.

ಮಧ್ಯಾಹ್ನ ಪುದ್ದಾರ್, ಹೊಸ ಅಕ್ಕಿಯ ಊಟ. ಬಾಯಮ್ಮನೂ ಬಂದಿದ್ದರು. ಎಲೆಯಲ್ಲಿ ಹೊಸ ಅನ್ನ ಹಬೆಯಾಡುತ್ತಿದ್ದರೂ ಯಾರೂ ಕೈ ಹಾಕಲಿಲ್ಲ. ಕಿರಿಯರು ಒಬ್ಬೊಬ್ಬರಾಗಿ ಅಜ್ಜಿಯ ಕಡೆ ತಿರುಗಿ, “ಹೊಸತು ಉಣ್ತೇನೆ ಅಜ್ಜಿ” ಎಂದು ಅಪ್ಪಣೆ ಕೇಳಿದರು. ಪ್ರತಿಯೊಬ್ಬರಿಗೂ ಅಜ್ಜಿ “ಉಣ್ಣು ಮಗಾ” ಎಂದರು. ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಮೊಮ್ಮಗನಿಗೆ ಹಿಂದಿನ ವಾರವೇ ಬಸ್ಸಿನಲ್ಲಿ ಎರಡು ಸೇರು ಅಕ್ಕಿ ಹೋಗಿತ್ತು. ಅವನು ಫೋನಿನಲ್ಲಿ ಕೇಳಿದ. “ನಿನ್ನ ಕೋಣೆಯಲ್ಲಿ ಇರುವವರಿಗೆಲ್ಲ ಬಡಿಸಿದಿಯಾ?” ಎಂದರು ಅಜ್ಜಿ. ಬಡಿಸಿದ್ದೇನೆ ಎಂದ. “ಹಾಗಾದ್ರೆ ಉಣ್ಣು.” ಆಮೇಲೆ ನಾವೆಲ್ಲರೂ ಉಂಡೆವು.