ಪಟಾನ್‌ಚೆರುವಿನ ಹಾದಿಯ ತೊಗರಿ

ದೀಪಾವಳಿಗೆಂದು ಹೈದರಾಬಾದಿನಿಂದ ಕಲಬುರಗಿಯ ಕಡೆಗೆ ಹೊರಡುವ ನಮ್ಮವರಿಗೆಲ್ಲ ಪಟಾನ್‌ಚೆರು ಪರಿಚಿತವೇ. ಕಾರ್ಖಾನೆಗಳ ಊರೆಂದು ಮೂಗು ಮುಚ್ಚಿ ದಾಟುವವರೇ ಹೆಚ್ಚು. ಆದರೆ ಅಲ್ಲಿ 1972ರಿಂದ ನಡೆದುಬಂದಿರುವ ಇಕ್ರಿಸ್ಯಾಟ್ ಸಂಸ್ಥೆಯ ಹೊಲಗಳಿವೆ. ಎರೆಯೂ ಕೆಂಪು ಮಣ್ಣೂ ಒಂದೇ ಆವರಣದಲ್ಲಿವೆ. ತೊಗರಿನಾಡಿನ ನಾವು ಅತ್ತ ಒಮ್ಮೆ ಕಣ್ಣು ಹಾಯಿಸಿಯೇ ಮುಂದೆ ಸಾಗಬೇಕು.

ತೊಗರಿಯ ಗೊಡ್ಡು ರೋಗದ ಗುಟ್ಟು ಬಯಲಾದದ್ದು ಬಹುಮಟ್ಟಿಗೆ ಇಲ್ಲಿ. ಬಿಹಾರದ ಪೂಸಾದಿಂದ 1931ರಲ್ಲೇ ವರದಿಯಾದ ರೋಗವಿದು. ಗಿಡ ಸಾಯುವುದಿಲ್ಲ, ಎಲೆ ಕಿರಿದಾಗಿ, ಬಣ್ಣಗೆಟ್ಟು, ಪೊದೆಯಂತೆ ಬೆಳೆದು, ಹೂವನ್ನೇ ಬಿಡದೆ ನಿಂತುಬಿಡುತ್ತದೆ. ಬಿತ್ತಿದ ಒಂದೂವರೆ ತಿಂಗಳೊಳಗೆ ತಗಲಿತೋ, ಕಾಳಿನ ಆಸೆ ಬಿಟ್ಟಂತೆಯೇ. ಇದನ್ನು ಹೊತ್ತು ತರುವುದು ಮಿಲಿಮೀಟರಿನ ಐದನೆಯ ಒಂದು ಪಾಲಿನಷ್ಟಿರುವ ನುಸಿ. ರೆಕ್ಕೆಯಿಲ್ಲದ ಅದಕ್ಕೆ ಗಾಳಿಯೇ ವಾಹನ. ತಾನಾಗಿ ಅದು ಗಿಡಕ್ಕೆ ಹೇಳಿಕೊಳ್ಳುವಂಥ ಕೇಡು ಮಾಡುವುದೂ ಇಲ್ಲ!

ರೋಗದ ಎಲೆಯನ್ನು ಎಳೆಯ ಸಸಿಯ ಎಲೆಗೆ, ಕಚೇರಿಯ ಕಾಗದಗಳಿಗೆ ಹೊಡೆಯುವ ಪಿನ್ನಿನಿಂದಲೇ ಸೇರಿಸಿ, ಯಾವ ತಳಿ ತಾಳುತ್ತದೆಂದು 1970ರ ದಶಕದಲ್ಲಿಯೇ ಇಲ್ಲಿಯವರು ಪರೀಕ್ಷಿಸುತ್ತಿದ್ದರು. ಒಳಗಿನ ವೈರಾಣು ಮಾತ್ರ ಎಪ್ಪತ್ತು ವರ್ಷ ಕೈಗೆ ಸಿಗಲಿಲ್ಲ. ಇಕ್ರಿಸ್ಯಾಟ್ ಹಾಗೂ ಸ್ಕಾಟ್‌ಲೆಂಡಿನ ವಿಜ್ಞಾನಿಗಳು ಸೇರಿ ಅದರ ಗುಣಲಕ್ಷಣಗಳನ್ನು 2003ರಲ್ಲಿ ಪ್ರಕಟಿಸಿದರು. ಅದರ ಆನುವಂಶಿಕ ಬರಹವೆಲ್ಲ ಒಂದೇ ಎಳೆಯಲ್ಲಿಲ್ಲ, ಆರ್‌ಎನ್‌ಎಯ ಐದು ತುಂಡುಗಳಲ್ಲಿ ಹಂಚಿದೆಯೆಂದು 2014ರಲ್ಲಿ ತಿಳಿಯಿತು. ಮರುವರ್ಷವೇ ಆರು ತುಂಡುಗಳ ಇನ್ನೊಂದು ವೈರಾಣು ಬೆಳಕಿಗೆ ಬಂದಿತು.

ಈ ತುಂಡುಗಳ ಲೆಕ್ಕ ರೈತನಿಗೇಕೆಂದು ಕೇಳಬಹುದು. ಪಟಾನ್‌ಚೆರುವಿನ ವೈರಾಣು ಸೌಮ್ಯ, ಬೆಂಗಳೂರಿನದು ಉಗ್ರ. ಇಲ್ಲಿ ತಾಳಿದ ತಳಿ ಅಲ್ಲಿ ಸೋಲುವುದುಂಟು. ಊರೂರಿನ ವೈರಾಣುವಿನ ಗುರುತು ಹಿಡಿಯದೆ ‘ಒಳ್ಳೆಯ ಬೀಜ’ವೆಂದು ಹೇಳುವುದಾದರೂ ಹೇಗೆ? 1986ರಲ್ಲಿ ಬಂದ ನಮ್ಮ ಮಾರುತಿ ತಳಿ ಸೊರಗು ರೋಗವನ್ನು ತಡೆಯಿತು, ಗೊಡ್ಡು ರೋಗಕ್ಕೆ ಮಣಿಯಿತು. ಆಮೇಲೆ ಬಂದ ಆಶಾ ಎರಡನ್ನೂ ಎದುರಿಸಲೆಂದೇ ಆರಿಸಿದ ತಳಿ.

ಹುಮನಾಬಾದು ದಾಟಿದ ಮೇಲೆ ಕಾಕಾನ ಹೊಲದಲ್ಲಿ ಇಳಿದೆವು. ಸುತ್ತಲೂ ಹಳದಿ ಹೂವು. ನಡುವೆ ಒಂದು ಪಟ್ಟೆ ಮಾತ್ರ ಬರಿಯ ಎಲೆ. “ದನಕ್ಕ ಮೇವಾತು, ಮಗಳ ಫೀಸಿಗೆ ಏನ್ ಮಾಡ್ಲಿ?” ಎಂದ ಕಾಕಾ. ಹಸಿ ಕಾಯಿಗೆಂದು ಕಾಕು ವರ್ಷಗಟ್ಟಲೆ ಉಳಿಸಿಕೊಂಡಿದ್ದ ಎರಡು ತೊಗರಿ ಗಿಡಗಳು ಬದುವಿನ ಮೇಲೆ ನಿಂತಿದ್ದವು. ಬೇಸಿಗೆಯಲ್ಲಿ ನುಸಿಯೂ ವೈರಾಣುವೂ ಉಳಿದುಕೊಳ್ಳುವುದು ಇಂಥವುಗಳಲ್ಲಿಯೇ ಎಂದು ನಾವು ಹೇಳಿದೆವು. ಕಾಕು ಒಪ್ಪಲಿಲ್ಲ. ಕಾಕಾ ಮಾತನಾಡದೆ ಕುಡುಗೋಲು ತರಲು ಗುಡಿಸಲಿನ ಕಡೆಗೆ ನಡೆದ.