ಬೀದರ ಸೀಮೆಯಲ್ಲಿ ಒಂದು ಹಳೆಯ ಮೋಟಾರು

ಕನ್ನಡ ನಾಡಿನ ಉತ್ತರದ ತುತ್ತತುದಿಯಲ್ಲಿ, ಒಂದು ಮಗ್ಗುಲಿಗೆ ಮಹಾರಾಷ್ಟ್ರವನ್ನೂ ಇನ್ನೊಂದು ಮಗ್ಗುಲಿಗೆ ತೆಲಂಗಾಣವನ್ನೂ ಇರಿಸಿಕೊಂಡಿರುವ ಬೀದರ ಸೀಮೆಗೆ ಪ್ರವಾಸಿಗಳು ಬರುವುದು ಬಹಮನಿ ಸುಲ್ತಾನರ ಕೋಟೆಯನ್ನು ನೋಡಲಿಕ್ಕೆ. ಬಿದರಿ ಪಾತ್ರೆಗಳನ್ನು ಕೊಳ್ಳಲಿಕ್ಕೆ. ಝರಣಿ ನರಸಿಂಹನ ಗುಹೆಯ ನೀರಿನಲ್ಲಿ ನಡೆದು ದರ್ಶನ ಪಡೆಯಲಿಕ್ಕೆ. ನಾವು ಹೋದ ಕಾರಣವು ಇವೆಲ್ಲಕ್ಕಿಂತ ಬೇರೆ. ಭಾಲ್ಕಿಯಲ್ಲಿ ಹಳೆಯದೊಂದು ಕಾಂಟೆಸ್ಸಾ ಮೋಟಾರು ಮಾರಾಟಕ್ಕಿದೆಯೆಂದು ಬಂಧುಗಳಿಂದ ತಿಳಿದು, ಅದನ್ನು ಪರೀಕ್ಷಿಸಿ ಕೊಳ್ಳುವ ಉದ್ದೇಶದಿಂದ ಹೊರಟೆವು.

ಈ ಕಾಂಟೆಸ್ಸಾ ಎಂಬುದನ್ನು ಎಳೆಯರು ಅರಿಯದಿರಬಹುದು. ಇಂಗ್ಲೆಂಡಿನ ವಾಕ್ಸ್‌ಹಾಲ್ ಗಾಡಿಯೊಂದರ ಮಾದರಿಯಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಕಂಪನಿಯವರು ೧೯೮೪ರಿಂದ ೨೦೦೨ರವರೆಗೆ ಇದನ್ನು ಕಟ್ಟಿದರು. ಉದ್ದನೆಯ ಮೂತಿ, ಅಗಲವಾದ ಮೈ, ಹಿಂದಿನ ಗಾಲಿಗಳಿಂದ ನೂಕಿಸಿಕೊಂಡು ಹೋಗುವ ನಡೆ. ಮೊದಲಿಗೆ ಇದಕ್ಕೆ ಅಂಬಾಸಿಡರಿನ ಒಂದೂವರೆ ಲೀಟರಿನ ಇಂಜಿನನ್ನೇ ಕೂಡಿಸಿದ್ದರು. ಆನೆಯ ಮೈಗೆ ಆಡಿನ ಎದೆ ಎಂಬಂತಾಗಿತ್ತು. ಮುಂದೆ ಜಪಾನಿನ ಇಸುಜು ಕಂಪನಿಯ ೧,೮೧೭ ಸಿ.ಸಿ. ಇಂಜಿನೂ ಐದು ಗೇರುಗಳೂ ಬಂದ ಮೇಲೆ ಅದಕ್ಕೆ ೮೮ ಅಶ್ವಶಕ್ತಿ ದೊರಕಿತು. ಆ ಕಾಲದಲ್ಲಿ ನಮ್ಮ ಹೆದ್ದಾರಿಗಳಲ್ಲಿ ಅದನ್ನು ಹಿಂದೆ ಹಾಕುವ ಸ್ವದೇಶೀ ಗಾಡಿಗಳು ಬಹಳವಿರಲಿಲ್ಲ. ಈಗ ಸಾಮಾನ್ಯವಾದ ಸಣ್ಣ ಗಾಡಿಯೂ ಅಷ್ಟು ವೇಗದಿಂದ ಓಡುವುದು. ಆದರೂ ಅದನ್ನು ಹುಡುಕಿಕೊಂಡು ಊರೂರು ಅಲೆಯುವ ರಸಿಕರು ನಾಡಿನಲ್ಲಿ ಇದ್ದೇ ಇರುವರು. ನಾವೂ ಆ ಗುಂಪಿಗೆ ಸೇರಿದವರು.

ಆದರೆ ನಮ್ಮ ಕೈಯಲ್ಲಿದ್ದುದು ಮಾಳಿಗೆಯ ಮೇಲೆ ಒಂದು ಕೋಣೆ ಕಟ್ಟಿಸಲೆಂದು ಕೂಡಿಟ್ಟ ಹಣ. ನಮ್ಮ ಮನೆಯವರು ಬೇಡವೆನ್ನಲಿಲ್ಲ. "ಆ ಗಾಡಿ ನಮ್ಮನ್ನು ಹೊರುವುದೋ, ನಾವೇ ಅದನ್ನು ಹೊರಬೇಕಾಗುವುದೋ, ಅಷ್ಟನ್ನು ಮಾತ್ರ ತಿಳಿದು ಬನ್ನಿರಿ" ಎಂದರು. ಹಳೆಯ ಮೋಟಾರನ್ನು ಕೊಳ್ಳುವ ಶಾಸ್ತ್ರವೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆಯೆಂದು ನಮಗೆ ತೋರಿತು.

ಬೀದರದಂಥ ಒಣ ಹವೆಯ ಎತ್ತರದ ಊರು ಹಳೆಯ ಗಾಡಿಗೆ ಒಳ್ಳೆಯದು. ಕಡಲ ತೀರದ ಉಪ್ಪುಗಾಳಿಯಲ್ಲಿ ಬಾಳಿದ ಗಾಡಿ ಹೊರಗೆ ಮಿಂಚುತ್ತಿದ್ದರೂ ಒಳಗೆ ತುಕ್ಕು ತಿಂದಿರುವುದು. ಇಲ್ಲಿಯ ಕೆಂಪು ಧೂಳು ಮೈಗೆ ಅಂಟಿದರೂ ಕಬ್ಬಿಣವನ್ನು ಅಷ್ಟಾಗಿ ತಿನ್ನದು. ಬೀದರ ನಗರದಲ್ಲಿ ಒಂದು ದಿನ ತಂಗಿ ಮಹಮೂದ್ ಗವಾನನ ಮದರಸೆಯನ್ನು ನೋಡಿದೆವು. ೧೪೭೨ರಲ್ಲಿ ಕಟ್ಟಿಸಿದ ಆ ವಿದ್ಯಾಲಯದ ಒಂದು ಭಾಗವು ೧೬೯೬ರಲ್ಲಿ ಸಿಡಿಮದ್ದಿನ ಸ್ಫೋಟದಿಂದ ಹಾರಿಹೋಯಿತು. ಉಳಿದ ಮಿನಾರಿನ ಮೇಲೆ ಬಣ್ಣದ ಹಂಚಿನ ಚೂರುಗಳು ಅಲ್ಲಲ್ಲಿ ಈಗಲೂ ಹೊಳೆಯುತ್ತವೆ. ಮಿನಾರಿಗೆಲ್ಲ ಹೊಸ ಹಂಚು ಹೊದಿಸಿದ್ದರೆ ನೋಡಲು ಥಳಥಳಿಸುತ್ತಿತ್ತು. ಆದರೆ ಗವಾನನ ಕಾಲದ್ದು ಯಾವುದೆಂದು ಯಾರೂ ಹೇಳಲಾಗುತ್ತಿರಲಿಲ್ಲ. ಹಳೆಯ ಮೋಟಾರಿನ ವಿಷಯವೂ ಹೀಗೆಯೇ. ಹೊಸ ಬಣ್ಣ ಬಳಿದುಕೊಂಡು ನಿಂತ ಗಾಡಿಗಿಂತ, ಮಾಸಿದರೂ ಮೊದಲಿನ ಬಣ್ಣವನ್ನೇ ಉಟ್ಟಿರುವ ಗಾಡಿ ಮೇಲು. ಅದು ತನ್ನ ಗಾಯಗಳನ್ನು ಮುಚ್ಚಿಡುವುದಿಲ್ಲ.

ಕಾನೂನಿನ ಸಂಗತಿಯನ್ನೂ ವಾಚಕರು ತಿಳಿದಿರಬೇಕು. ೨೦೨೧ರ ಕೇಂದ್ರ ನಿಯಮಗಳ ಪ್ರಕಾರ ೫೦ ವರ್ಷ ದಾಟಿದ ಗಾಡಿಯೇ ವಿಂಟೇಜ್ ಎನಿಸುವುದು. ೧೯೮೪ರಲ್ಲಿ ಹುಟ್ಟಿದ ಕಾಂಟೆಸ್ಸಾಕ್ಕೆ ಆ ಗೌರವ ೨೦೩೪ಕ್ಕೆ ಮೊದಲು ದೊರೆಯದು. ಆದಕಾರಣ ಸಾಮಾನ್ಯ ಗಾಡಿಯಂತೆ, ಮೊದಲ ೧೫ ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ಸಾರಿಗೆ ಕಚೇರಿಯಲ್ಲಿ ಪರೀಕ್ಷೆಗೆ ನಿಲ್ಲಿಸಿ ನೋಂದಣಿಯನ್ನು ನವೀಕರಿಸಬೇಕು. ಮೊದಲು ೬೦೦ ರೂಪಾಯಿಯಿದ್ದ ಇದರ ಶುಲ್ಕವು ೨೦೨೨ರಲ್ಲಿ ೫,೦೦೦ ಆಯಿತು; ೨೦೨೫ರಲ್ಲಿ, ೨೦ ವರ್ಷ ದಾಟಿದ ಮೋಟಾರುಗಳಿಗೆ ೧೦,೦೦೦ ಆಯಿತು. ಮೂರು ರಾಜ್ಯಗಳು ಕೂಡುವ ಈ ಸೀಮೆಯಲ್ಲಿ ಗಾಡಿಗಳು ಗಡಿ ದಾಟುವುದು ಸಹಜ. ಹೊರರಾಜ್ಯದ ಗಾಡಿಯಾದರೆ ಅಲ್ಲಿಯ ಕಚೇರಿಯಿಂದ ೨೮ನೆಯ ನಮೂನೆಯ ನಿರಾಕ್ಷೇಪಣ ಪತ್ರವನ್ನು ತಂದು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಈ ಖರ್ಚನ್ನು ಎಣಿಸದೆ ಅಗ್ಗವೆಂದು ಕೊಂಡರೆ ಅದು ಅಗ್ಗವಲ್ಲ.

ಮರುದಿನ ಭಾಲ್ಕಿಗೆ ಹೊರಟೆವು. ದಾರಿಯುದ್ದಕ್ಕೂ ತೊಗರಿ ಮತ್ತು ಕಬ್ಬಿನ ಹೊಲಗಳು. ಕಬ್ಬು ಹೇರಿಕೊಂಡ ಟ್ರಾಕ್ಟರುಗಳು ಒಂದರ ಹಿಂದೊಂದು ಸಾಗುತ್ತಿದ್ದವು. ಗಾಡಿಯ ಯಜಮಾನರು ನಿವೃತ್ತ ಉಪಾಧ್ಯಾಯರು. ಕಣ್ಣು ಮಂಜಾದುದರಿಂದ ನಡೆಸುವುದನ್ನು ಬಿಟ್ಟಿದ್ದರು. ಪುಣೆಯಲ್ಲಿರುವ ಮಗನಿಗೆ ಅದನ್ನು ನಿಲ್ಲಿಸಲು ಸ್ಥಳವಿರಲಿಲ್ಲ. ತಗಡಿನ ಮಾಡಿನ ಕೆಳಗೆ, ಹಳೆಯ ಧೋತರ ಹೊದ್ದುಕೊಂಡು ಗಾಡಿ ನಿಂತಿತ್ತು. ೧೯೯೫ರಲ್ಲಿ ಬೀದರದಲ್ಲಿ ನೋಂದಣಿಯಾದದ್ದು. ೨೦೧೦ರಿಂದ ಒಂದು ಸಲವೂ ತಪ್ಪದೆ ನವೀಕರಿಸಿದ್ದ ಪುಸ್ತಕವನ್ನು ಅವರು ಗಂಧದ ಪೆಟ್ಟಿಗೆಯಿಂದ ತೆಗೆದು ಕೊಟ್ಟರು.

ನಾವು ಮೊದಲು ಕೇಳಿಕೊಂಡುದು ಗಾಡಿಯನ್ನು ಮುಂಚಿತವಾಗಿ ಕಾಯಿಸಿಡಬಾರದೆಂದು. ತಣ್ಣಗಿರುವ ಇಂಜಿನೇ ಸತ್ಯ ಹೇಳುವುದು. ಚಾಸಿಯ ಸಂಖ್ಯೆಯನ್ನೂ ಇಂಜಿನಿನ ಸಂಖ್ಯೆಯನ್ನೂ ಪುಸ್ತಕದೊಡನೆ ತಾಳೆ ನೋಡಿದೆವು. ಜಮಖಾನವನ್ನೆತ್ತಿ ತಳದ ತಗಡನ್ನೂ ಬಾಗಿಲ ಕೆಳಗಿನ ಅಂಚನ್ನೂ ಬೆರಳಿನಿಂದ ತಟ್ಟಿದೆವು. ಗಟ್ಟಿಯಾದ ತಗಡು ಕಣಿರೆನ್ನುವುದು, ತುಕ್ಕು ತಿಂದುದು ಮಂಕಾಗಿ ನುಡಿಯುವುದು. ಎಣ್ಣೆಯ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಬಿಳುಪು ಕಂಡರೆ ನೀರು ಎಣ್ಣೆಗೆ ಬೆರೆತಿದೆಯೆಂದು ಶಂಕಿಸಬೇಕು, ಅದು ಕಾಣಲಿಲ್ಲ. ಚಾಲೂ ಮಾಡಿದಾಗ ಹಿಂದಿನ ಕೊಳವೆಯಿಂದ ನೀಲಿ ಹೊಗೆ ಒಂದಿಷ್ಟು ಬಂದು ನಿಂತಿತು. ಬಿಡದೆ ಬರುತ್ತಿದ್ದರೆ ಇಂಜಿನು ಎಣ್ಣೆ ಸುಡುತ್ತಿದೆಯೆಂದು ಅರ್ಥ. ಟಯರಿನ ಪಕ್ಕದಲ್ಲಿರುವ ನಾಲ್ಕು ಅಂಕೆಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುವುವು. ಗೀರುಗಳೇನೋ ಸವೆದಿರಲಿಲ್ಲ, ವಯಸ್ಸು ಮಾತ್ರ ಮುಗಿದಿತ್ತು.

ಈ ಗಾಡಿಯನ್ನು ಇಪ್ಪತ್ತು ವರ್ಷ ರಿಪೇರಿ ಮಾಡಿದ ಮಿಸ್ತ್ರಿ ಔರಾದದಲ್ಲಿರುವರೆಂದು ಯಜಮಾನರು ಹೇಳಿದುದರಿಂದ, ಅವರನ್ನೂ ಕುಳ್ಳಿರಿಸಿಕೊಂಡು ಅತ್ತ ನಡೆಸಿದೆವು. ಗಾಡಿ ಕಾದ ಮೇಲೆ ನಾಲ್ಕನೆಯ ಗೇರಿನಲ್ಲಿ ಒಂದು ಬಗೆಯ ಗಂಭೀರ ನಾದ ಹೊರಟಿತು. ಮಾಂಜರಾ ನದಿಯ ಸೇತುವೆಯನ್ನು ದಾಟಿ ಮುಂದಿನ ನೇರವಾದ ದಾರಿಗೆ ಬಂದಾಗ ಯಜಮಾನರು ಕಣ್ಣು ಮುಚ್ಚಿಕೊಂಡು, ಸಂಗೀತವನ್ನು ಕೇಳುವವರಂತೆ ಕೇಳುತ್ತಿದ್ದರು. ನಾವು ವೇಗವನ್ನು ಹೆಚ್ಚಿಸಲಿಲ್ಲ; ಹೆಚ್ಚಿಸಬಹುದೆಂಬ ಭರವಸೆಯೇ ಆ ಸುಖದ ಅರ್ಧ ಭಾಗವಾಗಿತ್ತು.

ಔರಾದವು ಅಮರೇಶ್ವರನ ಊರು. ದೇವಣಿ ತಳಿಯ ದನಗಳನ್ನು ಸಾಕುವ ಈ ಸೀಮೆಯಲ್ಲಿ ಎತ್ತನ್ನು ಕೊಳ್ಳುವವನು ಕೊಂಬಿನ ಬಣ್ಣಕ್ಕೆ ಮರುಳಾಗದೆ ಹಲ್ಲು, ಗೊರಸು, ನಡಿಗೆಗಳನ್ನು ನೋಡುವನು. ಮಿಸ್ತ್ರಿಯೂ ಹಾಗೆಯೇ ಗಾಡಿಯ ಸುತ್ತ ಒಮ್ಮೆ ತಿರುಗಿ, ಮೂತಿಯನ್ನು ಎತ್ತಿ ಕಿವಿಗೊಟ್ಟು ಕೇಳಿದರು. "ಗಾಡಿ ನಿಂತಲ್ಲೇ ಸಾಯ್ತದ್ರಿ ಸಾಹೇಬ್ರ, ಓಡಿದ್ರ ಉಳೀತದ" ಎಂದರು. ಇದೇ ಇಸುಜು ಇಂಜಿನನ್ನು ಅಂಬಾಸಿಡರಿನ ೧೮೦೦ ಮಾದರಿಗೂ ಕೂಡಿಸಿದ್ದರಾದುದರಿಂದ ಇಂಜಿನಿನ ಸಾಮಾನುಗಳು ಹುಡುಕಿದರೆ ಸಿಕ್ಕುವುವು. ದೀಪದ ಗಾಜು, ಬಾಗಿಲಿನ ರಬ್ಬರು ಮುಂತಾದುವೇ ದುರ್ಲಭ ಎಂದರು. ಪೆಟ್ರೋಲಿನ ಕೊಳವೆಗಳನ್ನೆಲ್ಲ ಮೊದಲು ಬದಲಿಸಬೇಕೆಂದೂ ಹೇಳಿದರು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ೨೦ರಷ್ಟು ಎಥೆನಾಲ್ ಬೆರೆಯುತ್ತಿರುವುದು. ಅದು ನೀರನ್ನು ಹೀರುವುದು. ಹಳೆಯ ಕಾಲದ ರಬ್ಬರನ್ನು ಕೆಡಿಸುವುದು. ತಿಂಗಳುಗಟ್ಟಲೆ ಟಾಂಕಿಯಲ್ಲಿ ನಿಂತರೆ ಇನ್ನೂ ಕೆಟ್ಟದ್ದು. ಎಥೆನಾಲನ್ನು ಕಬ್ಬಿನಿಂದಲೂ ತೆಗೆಯುವರು. ದಾರಿಯಲ್ಲಿ ನಮ್ಮ ಕಣ್ಣು ತಣಿಸಿದ ಹೊಲಗಳಿಗೂ ಈ ಗಾಡಿಯ ಕೊಳವೆಗಳಿಗೂ ಇಂಥ ನಂಟಿರುವುದೆಂದು ನಾವು ಎಣಿಸಿರಲಿಲ್ಲ.

ಮಿಸ್ತ್ರಿಯ ಮಾತಿಗೆ ದೊಡ್ಡ ಸಾಕ್ಷಿಯೂ ಉಂಟು. ೧೯೪೮ರವರೆಗೆ ಈ ಸೀಮೆಯನ್ನಾಳಿದ ಹೈದರಾಬಾದಿನ ನಿಜಾಮರಿಗಾಗಿ ೧೯೧೨ರಲ್ಲಿ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಬಂದಿತು. ಸಿಂಹಾಸನದಂಥ ಪೀಠವುಳ್ಳ ಗಾಡಿ. ಮೆರವಣಿಗೆಗಳಿಗಲ್ಲದೆ ಅದನ್ನು ಹೆಚ್ಚಾಗಿ ಓಡಿಸಲಿಲ್ಲ. ಸ್ವಲ್ಪವೇ ಓಡಿದ್ದರೂ, ಬಹುಕಾಲ ಸುಮ್ಮನೆ ನಿಂತುದರಿಂದ ಕೆಟ್ಟುಹೋಗಿ, ಕೊನೆಗೆ ಬಹಳ ಶ್ರಮಪಟ್ಟು ಅದನ್ನು ಸರಿಪಡಿಸಬೇಕಾಯಿತು. ನಿಜಾಮರ ಭಂಡಾರವೇ ನಿಂತ ಗಾಡಿಯನ್ನು ಕಾಪಾಡಲಾರದೆ ಹೋದ ಮೇಲೆ ಗೃಹಸ್ಥನ ಪಾಡೇನು?

ಭಾಲ್ಕಿಗೆ ಮರಳಿ ಲೆಕ್ಕಕ್ಕೆ ಕುಳಿತೆವು. ಬಿಚ್ಚಿ ಬಿಡಿಬಿಡಿಯಾಗಿ ಮಾರುವ ವ್ಯಾಪಾರಿಯೊಬ್ಬನು ನಮಗಿಂತ ಹೆಚ್ಚು ಬೆಲೆ ಹೇಳಿಹೋಗಿದ್ದನು. ಉಪಾಧ್ಯಾಯರು ಅದನ್ನು ಮುಚ್ಚಿಡದೆ ತಿಳಿಸಿ, "ಇದನ್ನ ಬಿಚ್ಚಿ ಮಾರಬ್ಯಾಡ್ರಿ. ಮೂಲ್ಯಾಗ ನಿಂದರಿಸಿ ಪೂಜೆನೂ ಮಾಡಬ್ಯಾಡ್ರಿ. ವಾರಕ್ಕೊಮ್ಮೆಯಾರ ಹೊರಗ ಒಯ್ಯರಿ. ಇಷ್ಟು ಒಪ್ಪಿದ್ರ ನಿಮ್ಮ ಬೆಲೆಗೇ ಕೊಡ್ತೀನಿ" ಎಂದರು. ಬೆಲೆ, ಟಯರು, ಕೊಳವೆ, ಮಿಸ್ತ್ರಿಯ ಕೂಲಿ ಎಲ್ಲವನ್ನೂ ಕೂಡಿಸಿದರೆ ಕೋಣೆಯ ಹಣದಲ್ಲಿ ಮುಕ್ಕಾಲು ಭಾಗ ಹೋಗುತ್ತಿತ್ತು. ಮನೆಗೆ ಫೋನು ಮಾಡಿ ಲೆಕ್ಕವನ್ನು ಇದ್ದಂತೆ ಓದಿ ಹೇಳಿದೆವು. ಸ್ವಲ್ಪ ಹೊತ್ತು ಮೌನ. "ಎರಡು ವರ್ಷ ಕೋಣೆ ತಡೆಯಲಿ. ಆದರೆ ವಾರಕ್ಕೊಮ್ಮೆ ಹೊರಗೆ ಒಯ್ಯುವ ಮಾತು ಕೊಡುವುದಾದರೆ ನಾನೂ ಕೂಡ ಬರುವೆನು" ಎಂದರು. ೨೯ ಮತ್ತು ೩೦ನೆಯ ನಮೂನೆಗಳಿಗೆ ಅಂದೇ ಸಹಿಗಳಾದುವು.

ಹಳೆಯ ಮೋಟಾರನ್ನು ಬಯಸುವ ವಾಚಕರಿಗೆ ನಮ್ಮ ವಿಜ್ಞಾಪನೆ ಇಷ್ಟೆ. ಇಂಜಿನನ್ನು ಹಣದಿಂದ ಸರಿಪಡಿಸಬಹುದು. ತುಕ್ಕು ತಿಂದ ಮೈಯನ್ನು ಸರಿಪಡಿಸುವುದು ಕಷ್ಟ. ಕೊಳ್ಳುವ ಬೆಲೆಯ ಜೊತೆಗೆ ಮೊದಲ ವರ್ಷದ ರಿಪೇರಿಯ ಹಣವನ್ನೂ ಕೈಯಲ್ಲಿಟ್ಟುಕೊಂಡು ಹೋಗಿರಿ. ಮನೆಯವರಿಗೆ ಲೆಕ್ಕವನ್ನು ಮರೆಮಾಡಬೇಡಿರಿ. ಇಂಥ ಗಾಡಿಯನ್ನು ಯಾರೂ ಪೂರ್ತಿಯಾಗಿ ಕೊಂಡುಕೊಳ್ಳಲಾರರು. ಒಬ್ಬರ ಕೈಯಿಂದ ಪಡೆದು, ಕೆಲವು ಕಾಲ ಓಡಿಸಿ, ಕೆಡಿಸದೆ ಇನ್ನೊಬ್ಬರ ಕೈಗೆ ದಾಟಿಸುವುದೇ ಅದರ ಒಡೆತನ.